ಗೋಡೆಯ ಮೇಲಿನ ಅತ್ತಿಗೆ

ಕಾಗದದ ಮಟ್ಟಿಗೆ ಹೇಳುವುದಾದರೆ, ಅತ್ತಿಗೆಯಷ್ಟು ನಿಯತ್ತಾಗಿ ಕೆಲಸ ಮಾಡಿದವರು ಆ ಊರಿನಲ್ಲಿ ಇನ್ನೊಬ್ಬರಿರಲಿಲ್ಲ. ಹನ್ನೊಂದು ವರ್ಷ, ಬೆಳಿಗ್ಗೆ ಹತ್ತರಿಂದ ರಾತ್ರಿ ಒಂಬತ್ತರವರೆಗೆ, ಮೈದುನನ ಔಷಧಿ ಅಂಗಡಿಯಲ್ಲಿ ಅವರು ಹಾಜರಿದ್ದರು. ಒಂದು ದಿನ ರಜೆ ಹಾಕಲಿಲ್ಲ, ಒಂದು ದಿನ ತಲೆನೋವೆಂದು ಬೇಗ ಹೊರಡಲಿಲ್ಲ. ಅತ್ತೆ ತೀರಿಹೋದ ದಿನವೂ ಹಾಜರಿ ಪುಸ್ತಕದಲ್ಲಿ ಅವರ ಸಹಿ ಇತ್ತು. ಆ ಸಹಿಯನ್ನು ಯಾರು ಹಾಕುತ್ತಿದ್ದರೋ, ಅಂತೂ ದುಂಡಗೆ ಬಿದ್ದಿರುತ್ತಿತ್ತು.

ನಿಜಕ್ಕೂ ಅವರು ಆ ಅಂಗಡಿಯ ಮೆಟ್ಟಿಲು ಹತ್ತಿದ್ದು ಒಂದೇ ಸಲ, ಅದು ಬಾಗಿಲು ತೆರೆದ ದಿನ. ಉಳಿದ ಹನ್ನೊಂದು ವರ್ಷವೂ ಅಲ್ಲಿ ಡ್ಯೂಟಿ ಮಾಡಿದ್ದು ಅವರ ಸರ್ಟಿಫಿಕೇಟು. ಕಟ್ಟು ಹಾಕಿಸಿ, ಮೂಲೆಯಲ್ಲಿ ಇಪ್ಪತ್ತಮೂರರ ವಯಸ್ಸಿನ ಫೋಟೋ ಅಂಟಿಸಿ, ಬಂದವರ ಕಣ್ಣಿಗೆ ಮೊದಲು ಬೀಳುವ ಹಾಗೆ ಅದನ್ನು ಗೋಡೆಗೆ ಹೊಡೆದಿದ್ದರು. ಫೋಟೋದಲ್ಲಿ ಎರಡು ಜಡೆ, ದೊಡ್ಡ ಕಣ್ಣು, ಯಾರನ್ನೋ ಬೈಯಲು ಸಿದ್ಧವಾಗಿರುವಂಥ ಮುಖ. ಅಂಥ ಮುಖ ಗೋಡೆಯ ಮೇಲಿದ್ದೂ ಆ ಅಂಗಡಿಯಲ್ಲಿ ನಡೆಯಬಾರದ್ದೆಲ್ಲ ನಡೆಯಿತು ಎನ್ನುವುದೇ ಸಿಟ್ಟು ಬರಿಸುವ ಸಂಗತಿ.

ಅವರನ್ನು ಅತ್ತಿಗೆ ಎನ್ನುವುದು ನಾನೊಬ್ಬನೇ ಅಲ್ಲ. ಮೈದುನ ಮನೆ ಮುಂದೆ ಸ್ಕೂಟರ್ ನಿಲ್ಲಿಸಿದ ಕೂಡಲೇ ಬೀದಿಗೆಲ್ಲ ಕೇಳುವಂತೆ "ಅತ್ತಿಗೇ" ಎಂದು ಕೂಗುತ್ತಿದ್ದ. ಕೇಳಿ ಕೇಳಿ ಇಡೀ ಬೀದಿ ಅವರನ್ನು ಹಾಗೇ ಕರೆಯತೊಡಗಿತು. ಹಾಲು ಹಾಕುವವನಿಗೂ ಅತ್ತಿಗೆ, ಎದುರು ಮನೆಯ ಎಪ್ಪತ್ತರ ಮುದುಕರಿಗೂ ಅತ್ತಿಗೆ.

ಅವರ ಅಪ್ಪ ಆಸ್ಪತ್ರೆಯಲ್ಲಿ ಗಾಯಕ್ಕೆ ಪಟ್ಟಿ ಕಟ್ಟುವ ಕೆಲಸದಲ್ಲಿದ್ದವರು. ಔಷಧಿ ಕೊಡುವ ಕಿಟಕಿಯ ಆಚೆ ಬಿಳಿ ಕೋಟು ಹಾಕಿ ಕೂತವರನ್ನು ಮೂವತ್ತು ವರ್ಷ ಈಚೆಯಿಂದ ನೋಡಿ, ಮಗಳನ್ನು ಆಚೆ ಕೂರಿಸಿಯೇ ತೀರುವೆನೆಂದು ಹಟ ಹಿಡಿದು ಫಾರ್ಮಸಿ ಓದಿಸಿದರು. ಮಗಳು ಮೂರು ವರ್ಷ ಅದೇ ಕಿಟಕಿಯಲ್ಲಿ ಕೂತಳು. ಕೂತಳು ಎಂದರೆ ಸುಮ್ಮನೆ ಕೂರಲಿಲ್ಲ. ಮಾತ್ರೆ ಕೈಗಿಟ್ಟು, "ನಾನೇನ್ ಹೇಳ್ದೆ, ತಿರುಗಿ ಹೇಳಿ" ಎನ್ನುತ್ತಿದ್ದಳು. ಹೇಳದಿದ್ದರೆ ಮಾತ್ರೆಯ ಮೇಲಿಂದ ಕೈ ತೆಗೆಯುತ್ತಿರಲಿಲ್ಲ. ಹಿಂದೆ ಸಾಲು ನಿಂತವರು ಗೊಣಗುತ್ತಿದ್ದರು. "ಇದೇನ್ ಪರೀಕ್ಷೆನಾ ತಾಯಿ?" ಎಂದು ಒಬ್ಬ ಕೇಳಿದ್ದಕ್ಕೆ, "ಹೌದು, ಫೇಲಾದ್ರೆ ನಷ್ಟ ನಿಮಗೇ" ಎಂದಿದ್ದಳು.

ಈ ನಡುವೆಯೇ ಮದುವೆಯಾಯಿತು. ಗಂಡ ಮುದ್ರಣಾಲಯದಲ್ಲಿ ಮೇಸ್ತ್ರಿ, ಒಳ್ಳೆಯ ಮನುಷ್ಯ, ಮನೆಯಲ್ಲಿ ಜಗಳ ಎದ್ದರೆ ಪೇಪರ್ ಅಗಲಿಸಿ ಅದರ ಹಿಂದೆ ಮಾಯವಾಗುವ ಜಾತಿ. ಮದುವೆಯಾಗಿ ಎರಡು ವರ್ಷಕ್ಕೆ ಅತ್ತೆಗೆ ಲಕ್ವ ಹೊಡೆಯಿತು. ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಯೇ ಆ ಮನೆಯಲ್ಲಿ ಏಳಲಿಲ್ಲ. ಎಲ್ಲರೂ ಒಮ್ಮೆ ಅವರ ಕಡೆ ನೋಡಿದರು, ಅಷ್ಟೇ. ಕೆಲಸಕ್ಕೆ ರಾಜೀನಾಮೆ ಹೋಯಿತು, ಬಿಳಿ ಕೋಟು ಬೀರು ಸೇರಿತು.

ಕೆಲವು ವರ್ಷಗಳ ಮೇಲೆ ಮೈದುನ ಔಷಧಿ ಅಂಗಡಿ ಇಡುವ ಯೋಚನೆ ತಂದ. ಔಷಧಿಯ ಅಆಇಈ ಅವನಿಗೆ ತಿಳಿಯದು, ಅದಕ್ಕೆ ಮೊದಲು ಅವನು ಮಾರುತ್ತಿದ್ದುದು ನಲ್ಲಿ ಮತ್ತು ಪೈಪು. ಫಾರ್ಮಸಿ ಓದಿದವರ ಸರ್ಟಿಫಿಕೇಟು ಇಲ್ಲದೆ ಲೈಸೆನ್ಸು ಸಿಗುವುದಿಲ್ಲ.

"ಅತ್ತಿಗೆ, ನಿಮ್ಮ ಸರ್ಟಿಫಿಕೇಟು ಬೀರುನಲ್ಲಿ ಸುಮ್ನೆ ಬಿದ್ದಿದೆಯಲ್ಲ, ಅದಕ್ಕೂ ಒಂದು ದಾರಿ ಕಾಣಿಸೋಣ" ಎಂದ.

ಅತ್ತಿಗೆಗೆ ಆಗ ಆದದ್ದು ಸಂತೋಷವೇ. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಓದಿದ್ದು ಮಣ್ಣುಪಾಲಾಯಿತೆಂದು ಕೊರಗುತ್ತಿದ್ದವರಿಗೆ ಮನೆಯವರೇ ಬಂದು ಕೇಳಿದರು. "ಸಂಜೆ ಹೊತ್ತು ನಾನೂ ಬಂದು ನಿಲ್ತೀನಪ್ಪ" ಎಂದರು.

"ಅಯ್ಯೋ, ನಿಮಗ್ಯಾಕೆ ಆ ಗೋಳು? ಅಮ್ಮನ್ನ ಯಾರು ನೋಡ್ಕೋತಾರೆ? ನೀವು ಸಹಿ ಹಾಕಿ, ಮಿಕ್ಕಿದ್ದು ನನಗೆ ಬಿಡಿ."

ಮಿಕ್ಕಿದ್ದನ್ನು ಅವನಿಗೆ ಬಿಟ್ಟರು. ಓದಿದ ಹೆಂಗಸು, ತಿಳಿದ ಹೆಂಗಸು, ಬಿಟ್ಟುಬಿಟ್ಟರು. ಆಮೇಲಿನದ್ದಕ್ಕೆಲ್ಲ ಮೊದಲ ತಪ್ಪು ಅದು. ಇದನ್ನು ಯಾರಿಗಿಂತಲೂ ಮೊದಲು, ಯಾರಿಗಿಂತಲೂ ಕಟುವಾಗಿ ಹೇಳಿಕೊಂಡವರೂ ಅವರೇ.

ಅಂಗಡಿ ನೋಡಲು ಮಾತ್ರ ಲಕ್ಷಣವಾಗಿತ್ತು. ಮುಖ ಕಾಣುವಂಥ ಟೈಲ್ಸು, ತಳ್ಳಿದರೆ ಸದ್ದಿಲ್ಲದೆ ಸರಿಯುವ ಗಾಜಿನ ಬಾಗಿಲು, ಎ.ಸಿ., ಮೂಲೆಯಲ್ಲೊಂದು ಫ್ರಿಜ್ಜು. ಫ್ರಿಜ್ಜಿನೊಳಗೆ ಇನ್ಸುಲಿನ್ನಿಗಿಂತ ತಂಪು ಪಾನೀಯದ ಬಾಟಲಿಗಳೇ ಹೆಚ್ಚು, ಅವುಗಳ ನಡುವೆ ಕೌಂಟರಿನವನ ಊಟದ ಡಬ್ಬಿ. ಈ ಕೌಂಟರಿನವನನ್ನು ಬೀದಿಯವರು ಕರೆಯುತ್ತಿದ್ದುದು ಕತ್ತರಿ ಎಂದು. ನಲವತ್ತರ ಆಸುಪಾಸಿನ ಚುರುಕು ಆಸಾಮಿ. ಬಂದವರ ಮುಖ ನೋಡಿ, ಆಮೇಲೆ ಚಪ್ಪಲಿ ನೋಡಿ, ಎಷ್ಟು ಮಾತ್ರೆ ಕತ್ತರಿಸಬೇಕೆಂದು ಲೆಕ್ಕ ಹಾಕುತ್ತಿದ್ದ. ಮಾತ್ರೆಯ ಪಟ್ಟಿಯಲ್ಲಿ ಹೆಸರು ಮತ್ತು ತಾರೀಕು ಅಚ್ಚಾದ ತುದಿ ಅಂಗಡಿಯಲ್ಲೇ ಉಳಿಯುವಂತೆ, ಖಾಲಿ ತುದಿಯಿಂದ ಕತ್ತರಿಸುವುದು ಅವನ ಪದ್ಧತಿ. ಹಾಗಾಗಿ ಗಿರಾಕಿಯ ಕೈಗೆ ಹೋಗುವ ತುಂಡಿನ ಮೇಲೆ ಏನೂ ಇರುತ್ತಿರಲಿಲ್ಲ. ನುಂಗಿದ್ದು ಏನು ಎಂದು ನುಂಗಿದವರಿಗೂ ತಿಳಿಯುತ್ತಿರಲಿಲ್ಲ.

ಒಂದು ಸಲ ಆರೋಗ್ಯ ಇಲಾಖೆಯಿಂದ ಸರ್ವೆಯವನೊಬ್ಬ ಬಂದಿದ್ದ. ಊರಿನಲ್ಲಿ ಮಲೇರಿಯಾ ಹೆಚ್ಚಾಗಿದೆ, ಯಾವ ಅಂಗಡಿಗಳಲ್ಲಿ ಔಷಧಿ ಸರಿಯಾಗಿ ಕೊಡುತ್ತಾರೆ ಎಂದು ತಿಳಿಯಬೇಕು, ಅದಕ್ಕೆ ನಾಲ್ಕು ಪುಟದ ಫಾರಂ. ನೆಲ ಎಂಥದ್ದು? ಫ್ರಿಜ್ ಇದೆಯೇ? ಫಾರ್ಮಸಿಸ್ಟರ ಸರ್ಟಿಫಿಕೇಟು ಎದ್ದು ಕಾಣುವಂತಿದೆಯೇ? ಇದೆ, ಇದೆ, ಇದೆ. ಮೂರೂವರೆ ಪುಟ ಮುಗಿದ ಮೇಲೆ ಕೊನೆಯಲ್ಲೊಂದು ಪ್ರಶ್ನೆ: ಮಲೇರಿಯಾ ಔಷಧಿಯನ್ನು ಪೂರ್ತಿ ಕೊಡುತ್ತೀರಾ?

"ಕೊಡ್ತೀವಿ ಸಾರ್" ಎಂದ ಕತ್ತರಿ, ಕತ್ತರಿಯನ್ನು ಕೈಯಲ್ಲಿ ಹಿಡಿದುಕೊಂಡೇ.

ಅದಕ್ಕೂ ಟಿಕ್ ಬಿತ್ತು. ಇಲ್ಲ ಎಂದು ಯಾವ ಅಂಗಡಿಯವನಾದರೂ ಹೇಳುತ್ತಾನೆಯೇ? ಕೇಳುವವರಿಗೆ ಅಷ್ಟೂ ತಿಳಿಯದೇ? ಒಂದು ಗಂಟೆ ಮೂಲೆಯಲ್ಲಿ ನಿಂತು ನೋಡಿದ್ದರೆ ಸಾಕಿತ್ತು. ನಿಲ್ಲಲಿಲ್ಲ. ಆ ರಸ್ತೆಗೇ ಮಾದರಿ ಅಂಗಡಿ ಎಂದು ಮೈದುನನಿಗೆ ಒಂದು ಪತ್ರ ಬಂತು. ಅದೇ ರಸ್ತೆಯ ಕೊನೆಯಲ್ಲಿ ಒಬ್ಬ ತಾತನ ಅಂಗಡಿ ಇದೆ. ತಗಡಿನ ಮಾಡು, ಸಿಮೆಂಟು ಕಿತ್ತ ನೆಲ, ಅಕ್ಷರ ಅಳಿಸಿಹೋದ ಬೋರ್ಡು. ತಾತ ಜ್ವರ ಎಂದು ಬಂದವರನ್ನು "ರಕ್ತ ಪರೀಕ್ಷೆ ಆಯ್ತಾ?" ಎಂದು ಕೇಳದೆ ಮಾತ್ರೆ ಮುಟ್ಟುವುದಿಲ್ಲ. ಮುಟ್ಟಿದರೆ ಪೂರ್ತಿ ಡಬ್ಬಿಯೇ. ತಾತನಿಗೆ ನೆಲದ ಕಾರಣಕ್ಕೆ ಮಾರ್ಕು ಹೋಯಿತು, ಫ್ರಿಜ್ಜಿನ ಕಾರಣಕ್ಕೆ ಇನ್ನಷ್ಟು ಹೋಯಿತು. ಕಳಪೆ ಪಟ್ಟಿಯಲ್ಲಿ ಅವರ ಅಂಗಡಿ ಸೇರಿತು.

ಬೀದಿಯ ತಿರುವಿನಲ್ಲಿ ಟಾರ್ಪಾಲಿನ ಕೆಳಗೆ ಇಸ್ತ್ರಿಯವಳ ಗಾಡಿ. ದಿನವೂ ಬಟ್ಟೆ ತಂದುಕೊಟ್ಟು, ಗೇಟಿಗೆ ಒರಗಿ, ಐದು ನಿಮಿಷ ಅತ್ತಿಗೆಯ ಜೊತೆ ಹರಟಿ ಹೋಗುವುದು ಅವಳ ರೂಢಿ. ಯಾರ ಮನೆಯ ಅಂಗಿಯಲ್ಲಿ ಎಷ್ಟು ಗುಂಡಿ ಕಿತ್ತಿದೆ, ಅದರಿಂದ ಆ ಮನೆಯಲ್ಲಿ ಯಾರ ಮಾತು ನಡೆಯುತ್ತಿದೆ ಎಂದು ಹೇಳಬಲ್ಲವಳು. ಒಂದು ದಿನ ಬಂದವಳ ಮುಖ ಬಿಳಿಚಿಕೊಂಡಿತ್ತು.

"ಏನೇ, ಹುಷಾರಿಲ್ವಾ?"

"ಮಲೇರಿಯಾ ಜ್ವರ ಅತ್ತಿಗೆ. ಹತ್ತು ದಿನದ ಹಿಂದೆ ಬಂದಿತ್ತು, ಮಾತ್ರೆ ತಗೊಂಡೆ, ಹೋಯ್ತು. ಈಗ ಮತ್ತೆ ಬಂದಿದೆ. ಇವತ್ತೂ ತಗೊಂಡು ಬಂದೆ." ಸೆರಗಿನ ಗಂಟು ಬಿಚ್ಚಿ ತುಂಡು ತೋರಿಸಿದಳು. ನಾಲ್ಕು ಮಾತ್ರೆ ಉಳಿದಿದ್ದವು. ಹೆಸರಿಲ್ಲ, ತಾರೀಕಿಲ್ಲ. ಆದರೆ ಆ ಹಳದಿ ಬಣ್ಣ, ನಡುವಿನ ಆ ಗೀಟು ನೋಡಿದ ಕೂಡಲೇ ಅತ್ತಿಗೆಗೆ ಗೊತ್ತಾಯಿತು.

"ಎಷ್ಟು ಕೊಟ್ರು?"

"ಎಂಟು. ಬೆಳಿಗ್ಗೆ ನಾಲ್ಕು, ಸಂಜೆ ನಾಲ್ಕು. ಅಷ್ಟಕ್ಕೇ ಜ್ವರ ಬಿಡತ್ತೆ ಅಂದ್ರು. ಹೋದ ಸಲ ಬಿಡ್ತು ಕೂಡ."

"ಇಪ್ಪತ್ತನಾಲ್ಕು ಕಣೇ ಅದು! ಮೂರು ದಿನದ್ದು! ಒಂದು ದಿನಕ್ಕೆ ಜ್ವರ ಬಿಡತ್ತೆ, ರೋಗ ಬಿಡಲ್ಲ. ರಕ್ತದಲ್ಲಿ ಉಳಿದಿರತ್ತೆ, ಇನ್ನೂ ಗಟ್ಟಿಯಾಗಿ ಎದ್ದು ಬರತ್ತೆ. ರಕ್ತ ಪರೀಕ್ಷೆ ಮಾಡಿಸಿದ್ರಾ? ಯಾವ ಮೂರ್ಖ ಕೊಟ್ಟಿದ್ದು ಇದನ್ನ?"

ಇಸ್ತ್ರಿಯವಳು ಪೆಚ್ಚಾದಳು. "ನಿಮ್ಮ ಅಂಗಡೀನೇ ಅಲ್ವಾ ಅತ್ತಿಗೆ" ಎಂದಳು. "ತಾತನ ಅಂಗಡಿ ಹತ್ರ ಇತ್ತು. ಅದನ್ನ ದಾಟ್ಕೊಂಡು ಹೋದೆ. ಅಲ್ಲಿ ನಿಮ್ಮ ಫೋಟೋ ಇದೆಯಲ್ಲ, ಅಂತ."

ಅವಳ ಮಾತಿನಲ್ಲಿ ದೂರು ಎಳ್ಳಷ್ಟೂ ಇರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು. ಅತ್ತಿಗೆಯ ಮೈ ಉರಿದುಹೋಯಿತು. ಪೂರ್ತಿ ಡಬ್ಬಿ ಕೇಳಿ ತಗೋ, ಮೊದಲು ಆಸ್ಪತ್ರೆಗೆ ಹೋಗಿ ರಕ್ತ ಕೊಡು ಎಂದು ಎರಡೆರಡು ಸಲ ಹೇಳಿ, ತಿರುಗಿ ಹೇಳಿಸಿ ಕಳಿಸಿದರು.

ಊಟದ ಹೊತ್ತಿಗೆ ಮೈದುನ ಸಿಕ್ಕ. ಅವನ ಸಂಸಾರ ಮಾಳಿಗೆಯ ಮೇಲೆ, ಊಟ ಮಾತ್ರ ಎಲ್ಲರದೂ ಕೆಳಗೆ.

"ಮಲೇರಿಯಾ ಮಾತ್ರೇನ ಕತ್ತರಿಸಿ ಮಾರ್ತಿದೀರಂತೆ?"

"ಎಲ್ಲ ಅಂಗಡೀಲೂ ಹಾಗೇ ಅತ್ತಿಗೆ." ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ. "ಇಡೀ ಡಬ್ಬಿ ಅಂದ್ರೆ ಜನ ಬೆನ್ನು ತಿರುಗಿಸ್ತಾರೆ. ಪಕ್ಕದ ಅಂಗಡಿಯವನು ಕತ್ತರಿಸಿ ಕೊಡ್ತಾನೆ. ಆಮೇಲೆ ನಾವು ನೊಣ ಹೊಡೀತಾ ಕೂರಬೇಕು. ಇದು ವ್ಯಾಪಾರ."

"ವ್ಯಾಪಾರ ನಿಂದು. ಹೆಸರು ನಂದು."

"ಆಯ್ತು, ಹೇಳ್ತೀನಿ ಅವನಿಗೆ. ನೀವು ತಲೆ ಕೆಡಿಸ್ಕೋಬೇಡಿ."

ಗಂಡ ಪೇಪರಿನ ಹಿಂದಿನಿಂದ, "ಹೇಳ್ತೀನಿ ಅಂದ್ನಲ್ಲ, ಬಿಡು" ಎಂದರು. ಅತ್ತಿಗೆ ಬಿಟ್ಟರು. ಹೇಳಿದ್ದೇನಲ್ಲ ಎಂಬ ಸಮಾಧಾನ ಬಲು ಕೆಟ್ಟದ್ದು, ಅದು ಮನುಷ್ಯನನ್ನು ಕೂತಲ್ಲೇ ಕೂರಿಸುತ್ತದೆ. ಮೈದುನ ಯಾರಿಗೂ ಏನೂ ಹೇಳಲಿಲ್ಲ. ಇಸ್ತ್ರಿಯವಳು ಮರುದಿನ ಹೋಗಿ ಪೂರ್ತಿ ಡಬ್ಬಿ ಕೇಳಿದ್ದಕ್ಕೆ ಕತ್ತರಿ, "ಅಷ್ಟೆಲ್ಲ ಯಾಕಮ್ಮ, ಉಷ್ಣ ಆಗತ್ತೆ, ಹೊಟ್ಟೆ ಸುಡತ್ತೆ" ಎಂದು ಮತ್ತೆ ಎಂಟು ಕೊಟ್ಟು, ಶಕ್ತಿಗೆಂದು ಒಂದು ಕೆಂಪು ಕ್ಯಾಪ್ಸೂಲು ಸೇರಿಸಿದ. ಆ ಹೊತ್ತಿಗೆ ಜ್ವರವೂ ಇಳಿಯುತ್ತಾ ಬಂದಿತ್ತು, ರಕ್ತ ಕೊಡಲು ಹೋದರೆ ಒಂದು ದಿನದ ದುಡಿಮೆ ತಪ್ಪುತ್ತಿತ್ತು. ಅವಳು ಹೋಗಲಿಲ್ಲ.

ಎಂಟು ದಿನ ಕಳೆಯಿತು. ಒಂಬತ್ತನೆಯ ದಿನ ಮಧ್ಯಾಹ್ನ ಇಸ್ತ್ರಿ ಪೆಟ್ಟಿಗೆ ಬಟ್ಟೆಯ ಮೇಲೇ ನಿಂತು ಹೊಗೆ ಎದ್ದಿತು. ಜನ ಓಡಿ ಬಂದು ನೋಡಿದರೆ ಅವಳು ಗಾಡಿಯ ಪಕ್ಕ ಬಿದ್ದಿದ್ದಳು. ಕಣ್ಣು ತೆರೆದಿತ್ತು, ಯಾರ ಗುರುತೂ ಹತ್ತುತ್ತಿರಲಿಲ್ಲ.

ಆಸ್ಪತ್ರೆಗೆ ಆಟೋದಲ್ಲಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹೋದವರು ಅತ್ತಿಗೆಯೇ. ಜ್ವರ ಮೆದುಳಿಗೆ ಏರಿದೆ ಎಂದರು ಡಾಕ್ಟರು. ಡಾಕ್ಟರೂ ಕಣ್ಣಿನ ಕೆಳಗೆ ಕಪ್ಪುಗಟ್ಟಿದ, ನಿದ್ದೆಗೆಟ್ಟ ಹೆಂಗಸು. ಇಸ್ತ್ರಿಯವಳ ಗಂಡ ಮಂಡಿಯಲ್ಲಿ ಮೂಟೆ ಹೊರುವವನು, ಹೆಗಲ ಮೇಲಿನ ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದ.

"ಮೂರು ವಾರದಲ್ಲಿ ಎರಡೆರಡು ಸಲ ಅರ್ಧಂಬರ್ಧ ಔಷಧಿ ತಿನ್ನಿಸಿದಾರೆ. ಯಾವ ಅಂಗಡಿ ಅದು?" ಎಂದು ಕೇಳಿದರು ಡಾಕ್ಟರು. "ಅಲ್ಲಿ ಫಾರ್ಮಸಿಸ್ಟು ಅನ್ನೋರು ಯಾರೂ ಇಲ್ವಾ?"

"ಇದಾರೆ ಮೇಡಂ" ಎಂದ ಆ ಮನುಷ್ಯ. ಅತ್ತಿಗೆಯತ್ತ ಕೈ ತೋರಿಸಿದ, ಅದೂ ಹೆಮ್ಮೆಯಿಂದ. ದೊಡ್ಡವರೊಬ್ಬರು ತನ್ನ ಕಡೆ ಇದ್ದಾರೆ ಎಂದು ಡಾಕ್ಟರಿಗೆ ತೋರಿಸಲು. "ಇವರೇ. ಇವರ ಫೋಟೋನೇ ಅಲ್ಲಿರೋದು."

ಡಾಕ್ಟರು ಅತ್ತಿಗೆಯನ್ನು ಒಮ್ಮೆ ನೋಡಿದರು. ಪಕ್ಕದ ಮಂಚದ ಕಡೆಗೆ ತಿರುಗಿದರು. ಅಲ್ಲ, ನಾನು ಅಲ್ಲಿಗೆ ಹೋಗುವುದೇ ಇಲ್ಲ ಎಂದು ಅತ್ತಿಗೆ ಹೇಳೋಣವೆಂದರೆ, ಅದು ಅದಕ್ಕಿಂತ ದೊಡ್ಡ ನಾಚಿಕೆಗೇಡು.

ಮರುದಿನ ಬೆಳಿಗ್ಗೆ ಬೀರು ತೆಗೆದರು. ಬಿಳಿ ಕೋಟು ತೋಳಿನಲ್ಲಿ ಬಿಗಿಯಾಗುತ್ತಿತ್ತು, ಹಾಕಿಕೊಂಡರು. ಸರಿಯಾಗಿ ಹತ್ತು ಗಂಟೆಗೆ ಗಾಜಿನ ಬಾಗಿಲು ತಳ್ಳಿ ಒಳಗೆ ಹೋದರು. ಕತ್ತರಿ ಗಿರಾಕಿ ಎಂದುಕೊಂಡು "ಏನ್ ಬೇಕಮ್ಮಾ?" ಎಂದ.

"ಸ್ಟೂಲು" ಎಂದರು ಅತ್ತಿಗೆ.

ಅವನು ಮುಖ ನೋಡಿದ, ಗೋಡೆ ನೋಡಿದ, ಮತ್ತೆ ಮುಖ ನೋಡಿದ. ಇಪ್ಪತ್ತು ವರ್ಷಕ್ಕೂ ಹೆಚ್ಚಿನ ಅಂತರ ದಾಟಿ ಗುರುತು ಹತ್ತಲು ಸ್ವಲ್ಪ ಹೊತ್ತು ಹಿಡಿಯಿತು. ಸ್ಟೂಲು ಬಂತು.

ಆರು ದಿನ ಅತ್ತಿಗೆ ಅಲ್ಲಿ ಕೂತರು. ಮಲೇರಿಯಾ ಮಾತ್ರೆಯ ಡಬ್ಬಿಗಳನ್ನೆಲ್ಲ ತಮ್ಮ ಮೊಣಕಾಲ ಬಳಿಯ ಡ್ರಾಯರಿನಲ್ಲಿಟ್ಟು ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಜ್ವರ ಎಂದವರಿಗೆ ಮೊದಲು ರಕ್ತ ಪರೀಕ್ಷೆಯ ಚೀಟಿ ಕೇಳಿದರು. ಚೀಟಿ ಇದ್ದವರಿಗೆ ಪೂರ್ತಿ ಡಬ್ಬಿ, ಊಟವಾದ ಮೇಲೆ ನುಂಗಬೇಕೆಂಬ ಪಾಠ, ಕೊನೆಗೆ "ನಾನೇನ್ ಹೇಳ್ದೆ, ತಿರುಗಿ ಹೇಳಿ." ಜನ ಮೂಗು ಮುರಿದರು. "ಇದೇನ್ ಅಂಗಡಿನಾ ಶಾಲೆನಾ?" ಎಂದು ಒಬ್ಬ ಬಾಗಿಲು ದೂಡಿಕೊಂಡು ಹೋದ. ಹತ್ತರಲ್ಲಿ ಆರು ಜನ ಎದ್ದು ಪಕ್ಕದ ಅಂಗಡಿಗೆ ನಡೆದರು. ಉಳಿದ ನಾಲ್ವರು ಬೈದುಕೊಂಡೇ ಪರೀಕ್ಷೆ ಮಾಡಿಸಿ ಬಂದರು. ಆ ನಾಲ್ವರಿಗಾಗಿ ಅತ್ತಿಗೆ ಮರುದಿನವೂ ಹೋದರು.

ನಾಲ್ಕನೆಯ ದಿನ ಒಬ್ಬಾಕೆಗೆ ಮಾತ್ರೆಯ ಬಗ್ಗೆ ಹೇಳುತ್ತಿದ್ದಾಗ, ಕತ್ತರಿ ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ. ಆಕೆ ಹೋದ ಮೇಲೆ, "ಅತ್ತಿಗೆ, ನಿಜವಾಗ್ಲೂ ಜ್ವರ ಬಿಟ್ಟ ಮೇಲೂ ಒಳಗಿರತ್ತಾ?" ಎಂದ.

"ನಿನಗೆ ಯಾರೂ ಹೇಳಿಲ್ವಾ?"

"ಹೇಳೋಕೆ ಯಾರಿದ್ರು?" ಎಂದ.

ಹೇಳಬೇಕಾದವರು ಗೋಡೆಯ ಮೇಲಿದ್ದರು.

ಮೈದುನ ಮೊದಲ ದಿನ ನಕ್ಕ, ಎರಡನೆಯ ದಿನ ಸಿಡಿಮಿಡಿಗುಟ್ಟಿದ, ಐದನೆಯ ದಿನ ಕೈ ಮುಗಿದ. "ಬೇಕಾದ್ರೆ ಸರ್ಟಿಫಿಕೇಟು ಕಿತ್ಕೊಂಡು ಹೋಗಿ ಅತ್ತಿಗೆ. ನಾಳೆ ಇನ್ನೊಂದು ತಂದು ಹಾಕ್ತೀನಿ. ಈ ರಸ್ತೇಲಿರೋ ಒಂಬತ್ತು ಅಂಗಡೀಲಿ ಏಳರ ಗೋಡೆ ಮೇಲಿರೋರು ಯಾರೂ ಒಳಗಿಲ್ಲ. ನೀವೊಬ್ರು ಕೂತ್ರೆ ಏನಾಗತ್ತೆ?"

ಅವನು ಹೇಳಿದ್ದು ಸುಳ್ಳಲ್ಲ. ಅದೇ ಅತ್ತಿಗೆಯ ಹೊಟ್ಟೆ ಉರಿಸಿತು. ಕಿತ್ತುಕೊಂಡು ಹೋದರೆ ತಮ್ಮ ಹೆಸರು ಚೊಕ್ಕಟವಾಗುತ್ತದೆ, ಮಾತ್ರೆ ಮಾತ್ರ ತುಂಡಾಗಿಯೇ ಹೋಗುತ್ತದೆ.

ಆರನೆಯ ದಿನ ಸರ್ವೆಯವನು ಮತ್ತೆ ಬಂದ. ಮಾದರಿ ಅಂಗಡಿಗಳ ಮರುಪರಿಶೀಲನೆಯಂತೆ. ಅದೇ ಫಾರಂ. ಟೈಲ್ಸಿಗೆ ಟಿಕ್ ಹಾಕಿ, ಫ್ರಿಜ್ಜಿಗೆ ಹಾಕಿ, ಅತ್ತಿಗೆಯ ಬಿಳಿ ಕೋಟು ನೋಡಿ ಸಂತೋಷಪಟ್ಟ.

"ಫಾರ್ಮಸಿಸ್ಟು ಹಾಜರಿದ್ದಾರೆ. ಹೌದು" ಎಂದು ತಾನೇ ಓದಿ ತಾನೇ ಬರೆಯಹೊರಟ.

"ಇವತ್ತು ಹೌದು ಅಂತ ಬರೀರಿ" ಎಂದರು ಅತ್ತಿಗೆ. "ಹನ್ನೊಂದು ವರ್ಷ ಇಲ್ಲ, ಆರು ದಿನದಿಂದ ಹೌದು."

"ಅದಕ್ಕೆ ಜಾಗ ಇಲ್ಲಮ್ಮ. ಹೌದು ಅಥವಾ ಇಲ್ಲ, ಎರಡೇ."

"ಹಿಂದುಗಡೆ ಜಾಗ ಇದೆಯಲ್ಲ, ಕೊಡಿ ಇಲ್ಲಿ."

ಮೈದುನ "ಅತ್ತಿಗೆ, ಬೇಡ" ಎಂದ. ಆ ಧ್ವನಿಯಲ್ಲಿ ಈಗ ನಿಜವಾದ ಹೆದರಿಕೆ ಇತ್ತು. ಅವನಿಗೆ ಇಬ್ಬರು ಮಕ್ಕಳು, ಅವರನ್ನು ಎತ್ತಿ ಆಡಿಸಿದವರು ಅತ್ತಿಗೆಯೇ. ಬರೆದರೆ ಆ ಮನೆಯ ಊಟಕ್ಕೆ ಕಲ್ಲು ಬೀಳುತ್ತದೆ, ತಮ್ಮ ಮೇಲೂ ಕ್ರಮ ತಪ್ಪದು, ಎರಡೂ ಅವರಿಗೆ ಗೊತ್ತಿತ್ತು. ಒಂದು ಗಳಿಗೆ ಪೆನ್ನು ನಿಂತಿತು. ಆಸ್ಪತ್ರೆಯಲ್ಲಿ ಇಸ್ತ್ರಿಯವಳಿಗೆ ಅಂದಿಗೆ ಏಳನೆಯ ದಿನ. ಪ್ರಜ್ಞೆ ಬಂದಿತ್ತು, ಗಂಡನ ಹೆಸರು ನೆನಪಾಗಿತ್ತು, ಬಲಗೈ ಮಾತ್ರ ಎದೆಯ ಮಟ್ಟಕ್ಕೂ ಏಳುತ್ತಿರಲಿಲ್ಲ. ಇಸ್ತ್ರಿ ಹಿಡಿಯುವ ಕೈ ಅದು.

ಅತ್ತಿಗೆ ಬರೆದರು. ಎಂದಿನಿಂದ ಸರ್ಟಿಫಿಕೇಟು ಇಲ್ಲಿದೆ, ಹಾಜರಿಯ ಸಹಿ ತಮ್ಮದಲ್ಲ, ಮಾತ್ರೆ ಹೇಗೆ ತುಂಡಾಗುತ್ತದೆ, ಯಾರಿಗೆ ಏನಾಯಿತು, ಎಲ್ಲವನ್ನೂ. ಕೊನೆಗೆ, ತಾತನ ಅಂಗಡಿಯ ನೆಲ ಬಿಟ್ಟು ಕೌಂಟರು ನೋಡಿ ಎಂದೂ ಬರೆದು, ಕೆಳಗೆ ತಮ್ಮ ನಿಜವಾದ ಸಹಿ ಹಾಕಿದರು. ಸರ್ವೆಯವನು ಆ ಹಾಳೆಯನ್ನು ಬಿಸಿ ಪಾತ್ರೆ ಹಿಡಿದ ಹಾಗೆ ತುದಿಯಲ್ಲಿ ಹಿಡಿದುಕೊಂಡು ಹೋದ.

ಆಮೇಲೆ ನಡೆದದ್ದನ್ನು ಕೇಳಿದರೆ ಯಾರಿಗಾದರೂ ಪಿತ್ತ ನೆತ್ತಿಗೇರಬೇಕು. ವಿಚಾರಣೆಯಾಯಿತು. ಉದ್ದನೆಯ ಮೇಜಿನ ಆಚೆ ಕೂತ ಮೂವರು, "ಸರ್ಟಿಫಿಕೇಟು ದುರುಪಯೋಗಕ್ಕೆ ಅವಕಾಶ ಕೊಟ್ಟಿದ್ದು ನೀವೇ ತಾನೆ?" ಎಂದು ಕೇಳಿದರು. "ನಾನೇ" ಎಂದರು ಅತ್ತಿಗೆ. ಅವರ ನೋಂದಣಿ ಎರಡು ವರ್ಷ ರದ್ದಾಯಿತು. ಎರಡು ವರ್ಷ ಯಾವ ಅಂಗಡಿಯಲ್ಲೂ ಅವರು ಯಾರ ಕೈಗೂ ಒಂದು ಮಾತ್ರೆ ಕೊಡುವಂತಿಲ್ಲ. ಅದಕ್ಕೆ ಅವರು ಎದುರಾಡಲಿಲ್ಲ, ತಕ್ಕದ್ದೇ ಎಂದರು. ಅಂಗಡಿಗೆ? ಅಂಗಡಿಗೆ ಎಚ್ಚರಿಕೆ ಪತ್ರ, ಹೊಸ ಫಾರ್ಮಸಿಸ್ಟರ ಸರ್ಟಿಫಿಕೇಟು ತರುವವರೆಗೆ ಬಾಗಿಲು ಮುಚ್ಚಬೇಕೆಂಬ ಆಜ್ಞೆ. ಒಂಬತ್ತು ದಿನ ಮುಚ್ಚಿತ್ತು. ಹತ್ತನೆಯ ದಿನ ಟೈಲ್ಸು ಒರೆಸಿ, ಎ.ಸಿ. ಹಾಕಿ, ಬಾಗಿಲು ತೆರೆದರು. ಅತ್ತಿಗೆಯ ಮೊಳೆಗೇ ಇನ್ನೊಂದು ಕಟ್ಟು ಬಂದಿತ್ತು. ಅದರ ಮೂಲೆಯಲ್ಲಿ ಬೇರೆ ಒಬ್ಬ ಹುಡುಗಿಯ ಫೋಟೋ.

ಮೈದುನ ಮಾತು ಬಿಟ್ಟ, ಮಾಳಿಗೆಯಲ್ಲಿ ಬೇರೆ ಒಲೆ ಹೂಡಿದ. ಮಕ್ಕಳು ಮೆಟ್ಟಿಲಿಳಿಯುವಾಗ ದೊಡ್ಡಮ್ಮನನ್ನು ಕದ್ದು ನೋಡಿ ಹೋಗುತ್ತಿದ್ದವು. ಗಂಡ ಒಂದು ಸಂಜೆ ಪೇಪರ್ ಮಡಿಸಿಟ್ಟು, "ನೀನು ಮಾಡಿದ್ದು ಸರಿ" ಎಂದರು. "ಹನ್ನೊಂದು ವರ್ಷ ತಡ ಆಯ್ತು, ಅಷ್ಟೆ. ನನ್ನದೂ ಸೇರಿ." ಅಷ್ಟು ಹೇಳಿ ಪೇಪರನ್ನು ಮತ್ತೆ ತೆರೆಯಲಿಲ್ಲ.

ಕತ್ತರಿ ಒಂದು ದಿನ ಗೇಟಿನ ಬಳಿ ನಿಂತು, ಆಚೀಚೆ ನೋಡಿ, ಮಡಿಸಿದ ಚೀಟಿ ಕೊಟ್ಟ. "ಹೊಸ ಫೋಟೋದವರ ವಿಳಾಸ. ನಾನು ಕೊಟ್ಟೆ ಅಂತ ಹೇಳ್ಬೇಡಿ ಅತ್ತಿಗೆ. ನನ್ನ ಕೈಲಿ ಕೇಳೋಕಾಗಲ್ಲ, ನೀವು ಕೇಳಿ."

ಮರುದಿನ ಅತ್ತಿಗೆ ಹೋದರು. ಮೂರು ಮಹಡಿ ಹತ್ತಬೇಕಿತ್ತು, ಮೆಟ್ಟಿಲುದ್ದಕ್ಕೂ ಒದ್ದೆ ಬಟ್ಟೆ. ಬಾಗಿಲು ತೆರೆದದ್ದು ಫೋಟೋದ ಹುಡುಗಿಯೇ, ಸೊಂಟದ ಮೇಲೆ ಒಂದು ವರ್ಷದ ಕೂಸು, ಕೈಯಲ್ಲಿ ಸೋಪಿನ ನೊರೆ.

"ನಿನ್ನ ಸರ್ಟಿಫಿಕೇಟು ಇರೋ ಅಂಗಡಿಯಿಂದ ಬಂದೆ" ಎಂದರು ಅತ್ತಿಗೆ.

"ಯಾವ ಅಂಗಡಿ?" ಎಂದಳು ಹುಡುಗಿ. ನಟನೆಯಲ್ಲ, ನಿಜವಾಗಿಯೂ ತಿಳಿಯದು. "ಮಾವ ಯಾರಿಗೋ ಕೊಟ್ಟಿದೀನಿ ಅಂದಿದ್ರು. ಯಾರಿಗೆ ಅಂತ ನಾನು ಕೇಳಲಿಲ್ಲ. ಯಾಕೆ, ಏನಾಯ್ತು?"

ಅತ್ತಿಗೆಗೆ ಸಿಟ್ಟು ಬಂತು, ಯಾರ ಮೇಲೆ ಎಂದು ಹೇಳುವುದು ಕಷ್ಟ. ಹೊಸ್ತಿಲಲ್ಲೇ ನಿಂತು ಕೇಳಿದರು: "ಮಲೇರಿಯಾಗೆ ದೊಡ್ಡವರಿಗೆ ಎಷ್ಟು ಮಾತ್ರೆ?"

ಹುಡುಗಿ ಕಣ್ಣು ಮಿಟುಕಿಸಿದಳು. ಆಮೇಲೆ ಬೆನ್ನು ನೆಟ್ಟಗೆ ಮಾಡಿದಳು. "ರಕ್ತ ಪರೀಕ್ಷೆ ಆದ ಮೇಲೆ, ಅವರ ತೂಕ ನೋಡಿ, ಹೊತ್ತಿಗೆ ನಾಲ್ಕು, ದಿನಕ್ಕೆ ಎರಡು ಹೊತ್ತು, ಮೂರು ದಿನ. ಒಟ್ಟು ಇಪ್ಪತ್ತನಾಲ್ಕು. ಊಟ ಆದ ಮೇಲೆ. ಗರ್ಭಿಣಿ ಆದ್ರೆ ಡಾಕ್ಟರನ್ನ ಕೇಳದೆ ಕೊಡಬಾರದು. ಜ್ವರ ಬಿಟ್ರೂ ನಿಲ್ಲಿಸಬಾರದು." ಒಂದೇ ಉಸಿರಿನಲ್ಲಿ ಹೇಳಿದಳು. ಒಂದು ಅಕ್ಷರ ತಪ್ಪಲಿಲ್ಲ. ಹೇಳಿ ಮುಗಿಸುವಷ್ಟರಲ್ಲಿ ಅವಳ ಮುಖದಲ್ಲಿ ಏನೋ ಬಣ್ಣ ಬಂದಿತ್ತು.

ಅತ್ತಿಗೆಯ ಕಣ್ಣು ತುಂಬಿಬಂತು. ಇಷ್ಟು ತಿಳಿದವಳನ್ನು ಇಲ್ಲಿ ಸೋಪಿನ ನೊರೆಯಲ್ಲಿಟ್ಟು, ಅಲ್ಲಿ ಗೋಡೆಗೆ ಹೊಡೆದಿದ್ದಾರೆ.

"ಚಪ್ಪಲಿ ಹಾಕ್ಕೋ" ಎಂದರು. "ಮಗೂನ ನನ್ನ ಕೈಗೆ ಕೊಡು. ಅಂಗಡಿ ತೆರೆದು ಆಗಲೇ ಒಂದು ಗಂಟೆ ಆಯ್ತು."